ತೆನೆ ಮತ್ತು ಭರವಸೆ: ಮೊಂತಿ ಹಬ್ಬದ ವ್ಯಾಖ್ಯಾನಗಳ ಪರಿಶೀಲನೆ

ಕ್ರೈಸ್ತರ ‘ಭರವಸೆ’ ಎಂಬ ಪರಿಕಲ್ಪನೆಯನ್ನು ಧರ್ಮಗ್ರಂಥ, ಪ್ರಸಂಗ, ಕೀರ್ತನೆಗಳಲ್ಲಿ ಹುಡುಕುವುದು ರೂಢಿ. ಅದು ಒಕ್ಕಲು ಬದುಕಿನಲ್ಲಿ ಯಾವ ರೂಪ ತಳೆಯಿತೆಂಬುದನ್ನು ತಿಳಿಯಲು ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಮೊಂತಿ ಹಬ್ಬವನ್ನು ನೋಡಬೇಕು.

ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಅದಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಬಾಲ ಮರಿಯಳ ವಿಗ್ರಹಕ್ಕೆ ಹೂ ಅರ್ಪಿಸುತ್ತಾರೆ. ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಪ್ರಾರ್ಥನೆಯ ಬಳಿಕ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದಿನ ಊಟ ಸಸ್ಯಾಹಾರ. ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು. ಮೀನಿಲ್ಲದ ಊಟವೇ ದೊಡ್ಡ ಹಬ್ಬದೂಟವಾಗುವುದು ಕರಾವಳಿಯಲ್ಲಿ ಸಣ್ಣ ಸಂಗತಿಯಲ್ಲ.

ಈ ಆಚರಣೆ ತುಳುವರ ಕುರಲ್ ಪರ್ಬದ ಕ್ರೈಸ್ತರೂಪವೆಂಬುದು ಒಂದು ವ್ಯಾಖ್ಯಾನ. ಗೋವೆಯ ಪಾದ್ರಿ ಜೋಕಿಂ ಮಿರಾಂಡ ಅವರು 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೋದಲ್ಲಿ ಆರಂಭಿಸಿದರೆಂಬ ಪ್ರತೀತಿಯನ್ನು ಆಧರಿಸಿ, ಇದು ಶುದ್ಧ ಮಾತೃಭಕ್ತಿಯೆಂಬುದು ಇನ್ನೊಂದು. ಎರಡೂ ಹಬ್ಬ ಎಲ್ಲಿಂದ ಬಂತೆಂದು ಕೇಳುತ್ತವೆಯೇ ಹೊರತು ಏನು ಮಾಡುತ್ತದೆಂದು ಕೇಳುವುದಿಲ್ಲ.

ಗಮನಿಸಬೇಕಾದುದು ಕಾಲ. ಆಗ ಮಳೆಗಾಲ ಮುಗಿದಿರುವುದಿಲ್ಲ, ಬೆಳೆ ಕಣಜ ಸೇರಿರುವುದಿಲ್ಲ. ನೆರೆ, ಗಾಳಿ, ಕೀಟಗಳ ಭಯ ಉಳಿದೇ ಇರುತ್ತದೆ. ಹಾಗಾಗಿ ಇದನ್ನು ಕೇವಲ ಕೃತಜ್ಞತೆಯ ಹಬ್ಬವೆನ್ನುವುದು ಸಾಲದು. ಕೈಗೆ ಬಾರದ ಫಸಲಿನ ಮೊದಲ ತುತ್ತನ್ನು ಇಲ್ಲಿ ಮುಂಚಿತವಾಗಿಯೇ ಉಣ್ಣಲಾಗುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಪೌಲನು ಪುನರುತ್ಥಾನವನ್ನು ಪ್ರಥಮಫಲಕ್ಕೆ ಹೋಲಿಸುವುದೂ ಇದೇ ಅರ್ಥದಲ್ಲಿ. ಒಕ್ಕಲಿನವರು ಆ ಪತ್ರವನ್ನು ಓದಿದ್ದರೇ ಎಂಬ ಪ್ರಶ್ನೆ ಇಲ್ಲಿ ಅಪ್ರಸ್ತುತ.

ಈ ಸಮುದಾಯವನ್ನು 1784ರಲ್ಲಿ ಟಿಪ್ಪು ಸುಲ್ತಾನ್ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಉಳಿದವರ ಬಿಡುಗಡೆಯಾದದ್ದು 1799ರಲ್ಲಿ. ಗದ್ದೆ ಕಳೆದುಕೊಂಡು ಮರಳಿದವರಿಗೆ ಹೊಸ ಅಕ್ಕಿಯ ತುತ್ತು ಬರಿಯ ಆಹಾರವಾಗಿರಲಾರದು. ಆದರೆ ಹಬ್ಬದ ಭಾವವನ್ನೆಲ್ಲ ಸೆರೆವಾಸದ ನೆನಪಿಗೇ ಕಟ್ಟುವುದು ಅತಿಯಾದೀತು. ಪ್ರತೀತಿಯನ್ನು ನಂಬುವುದಾದರೆ ಹಬ್ಬವೇ ಸೆರೆವಾಸಕ್ಕಿಂತ ಎರಡು ದಶಕ ಹಳೆಯದು.

ಇಂದು ಅನೇಕ ಮನೆಗಳಿಗೆ ಸ್ವಂತ ಗದ್ದೆಯಿಲ್ಲ. ಆಶೀರ್ವದಿಸಿದ ಕಾಳು ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ಲಕೋಟೆಯಲ್ಲಿ ಹೋಗುತ್ತದೆ. ಆಚರಣೆಯಲ್ಲಿ ಸಂಕೇತ ಮಾತ್ರ ಉಳಿಯಿತೆನ್ನುವುದು ಅವಸರದ ತೀರ್ಮಾನ. ಮಳೆಯ ಅನಿಶ್ಚಿತತೆಯಿದ್ದ ಕಡೆ ಕೆಲಸದ ಕರಾರು, ವೀಸಾದ ಅವಧಿಗಳು ಬಂದು ನಿಂತಿವೆ. ಮೊಂತಿ ಹಬ್ಬದ ಕ್ಷೇತ್ರಕಾರ್ಯ ಇನ್ನು ಆ ಲಕೋಟೆಗಳನ್ನು ಬಿಡಿಸುವ ಅಡುಗೆಮನೆಗಳಲ್ಲೂ ನಡೆಯಬೇಕಾಗಿದೆ.