ಧವಲಾ ಟೀಕೆಯೂ ಶ್ರುತರಕ್ಷಣೆಯೂ

ಗ್ರೀಕರ ತತ್ತ್ವಶಾಸ್ತ್ರವನ್ನು ಮಧ್ಯಯುಗದ ಇಸ್ಲಾಮೀ ವಿದ್ವಾಂಸರು ಕಾಪಾಡಿ ಯುರೋಪಿಗೆ ಮರಳಿಸಿದರೆಂಬ ಮಾತು ರೂಢವಾಗಿದೆ. ಪರರ ನಿಧಿಯನ್ನು ಕಾದ ಕಾವಲುಗಾರರ ಸ್ಥಾನವನ್ನಷ್ಟೇ ಅದು ಅವರಿಗೆ ಕೊಡುತ್ತದೆ. ವಾಸ್ತವ ಹಾಗಿಲ್ಲ. 9ನೆಯ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ (ಈತನು ಮುಸಲ್ಮಾನನಲ್ಲ, ಕ್ರೈಸ್ತನು) ಒಂದೇ ಗ್ರಂಥದ ಹಲವು ಗ್ರೀಕ್ ಪ್ರತಿಗಳನ್ನು ತಾಳೆ ನೋಡಿ ಪಾಠವನ್ನು ನಿಶ್ಚಯಿಸಿದ ಮೇಲೆಯೇ ಭಾಷಾಂತರಕ್ಕೆ ತೊಡಗುತ್ತಿದ್ದನು. ಮುಂದೆ ಲ್ಯಾಟಿನ್ ಪಂಡಿತರು ಅರಿಸ್ಟಾಟಲನನ್ನು ಬಹುಮಟ್ಟಿಗೆ ಕಾರ್ಡೋಬಾದ ಇಬ್ನ್ ರುಶ್ದನ (1126–1198) ಭಾಷ್ಯಗಳ ನೆರವಿನಿಂದ ಅರಿತರು.

ಕನ್ನಡನಾಡಿನ ಜೈನಪರಂಪರೆಯಲ್ಲಿ ಇದಕ್ಕೆ ಹತ್ತಿರದ ನಿದರ್ಶನವಿದೆ; ಕಾಲವೂ ಹೆಚ್ಚುಕಡಿಮೆ ಅದೇ. ವೀರಸೇನಾಚಾರ್ಯರ ಧವಲಾ ಟೀಕೆ ಪೂರ್ಣಗೊಂಡುದು 816ರಲ್ಲಿ ಎಂದು ಸಾಮಾನ್ಯವಾಗಿ ಗಣಿಸಲಾಗಿದೆ. ಪುಷ್ಪದಂತ-ಭೂತಬಲಿಗಳ ಷಟ್ಖಂಡಾಗಮದ ಮೊದಲ ಐದು ಖಂಡಗಳು ಇಂದು ನಮಗೆ ದೊರಕುವುದು ಈ ಟೀಕೆಯ ಒಡಲಿನಲ್ಲಿಯೇ. ಆಚಾರ್ಯರು ದಕ್ಷಿಣಪ್ರತಿಪತ್ತಿ, ಉತ್ತರಪ್ರತಿಪತ್ತಿಗಳೆಂದು ಭಿನ್ನ ಉಪದೇಶಗಳನ್ನು ಹೆಸರಿಸಿದರು. ನಿರ್ಣಯಕ್ಕೆ ಆಧಾರ ಸಾಲದೆಡೆ ಎರಡನ್ನೂ ಉಳಿಸಿದರು. ಇದು ಕಾವಲಲ್ಲ, ವಿಮರ್ಶೆ.

ಹಾಗಾದರೆ ಮೂಡಬಿದಿರೆಯ ಪಾತ್ರವೇನು? ಹಳಗನ್ನಡ ಲಿಪಿಯ ತಾಡಪತ್ರಗಳನ್ನು ಅಲ್ಲಿನ ಬಸದಿ ಉಳಿಸಿಕೊಂಡಿತು. ಆ ಋಣ ದೊಡ್ಡದು. ಆದರೆ ಶತಮಾನಗಳ ಕಾಲ ಅವು ದರ್ಶನದ ವಸ್ತುವಾಗಿದ್ದವೇ ಹೊರತು ಸ್ವಾಧ್ಯಾಯದ ವಸ್ತುವಾಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. 1939ರಲ್ಲಿ ಅಮರಾವತಿಯಿಂದ ಡಾ. ಹೀರಾಲಾಲ ಜೈನರು ಮುದ್ರಣಕ್ಕೆ ತೊಡಗಿದಾಗ ಮೊದಲ ಸಂಪುಟಗಳಿಗೆ ಪ್ರತಿಯ ಪ್ರತಿಗಳೇ ಆಧಾರವಾಗಬೇಕಾಯಿತು. ಮೂಲದೊಡನೆ ತಾಳೆ ನೋಡಲು ಅವಕಾಶ ದೊರೆತ ಬಳಿಕವೇ ಪಾಠ ಶುದ್ಧವಾಗತೊಡಗಿತು. ಆ ಕಾರ್ಯದಲ್ಲಿ ಅವರಿಗೆ ನೆರವಾದ ಡಾ. ಆ. ನೇ. ಉಪಾಧ್ಯೆಯವರು ಬೆಳಗಾವಿ ಜಿಲ್ಲೆಯ ಸದಲಗದವರು.

ಅದೇ ಜಿಲ್ಲೆಯಲ್ಲಿ, ಬೀಡಿಗೆ ಸಮೀಪದ ಹಲಸಿಯಲ್ಲಿ, ಕದಂಬರ ತಾಮ್ರಪಟಗಳು ದೊರೆತವು. ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ಕೊಟ್ಟ ದತ್ತಿಯ ಅಕ್ಷರಗಳು ಓದುವವರಿಲ್ಲದೆಯೂ ಉಳಿದವು. ತಾಮ್ರಕ್ಕೆ ಓದುಗನ ಹಂಗಿಲ್ಲ. ತಾಡಪತ್ರವಾದರೋ ಹುಳು ಹಿಡಿಯುತ್ತದೆ, ಮುರಿಯುತ್ತದೆ. ಪ್ರತಿ ಎತ್ತುವವನು ಬೇಕು. ಅವನಿಗೆ ಅರ್ಥ ತಿಳಿಯದಿದ್ದರೆ ಸಾಲೇ ಜಾರಿಹೋಗುತ್ತದೆ.

ಶ್ರುತಪಂಚಮಿಯು ಷಟ್ಖಂಡಾಗಮ ಲಿಪಿಬದ್ಧವಾದುದರ ಸ್ಮರಣೆಯ ಪರ್ವ. ಅಂದು ಗ್ರಂಥಗಳಿಗೆ ಅಷ್ಟವಿಧಾರ್ಚನೆ ಸಲ್ಲುತ್ತದೆ. ಓಲೆಯ ಕಟ್ಟುಗಳಿರುವ ಬಸದಿಗಳ ಆಡಳಿತ ಮಂಡಳಿಗಳು ಅದೇ ದಿನ ಹಳಗನ್ನಡ ಲಿಪಿ ಬಲ್ಲ ಒಬ್ಬರನ್ನು ಕರೆಸಿ, ಕಟ್ಟು ಬಿಚ್ಚಿಸಿ, ಒಳಗೆ ಏನಿದೆಯೆಂದು ಪಟ್ಟಿ ಮಾಡಿಸಲು ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ.