ಹಸುಗೆಯೂ ಹೆಚ್ಚಳವೂ: ಷೇರು ವಿಭಜನದ ಅರ್ಥವಿಚಾರ

ಕಂಪನಿಯೊಂದು ತನ್ನ ಹತ್ತು ರೂಪಾಯಿ ಮುಖಬೆಲೆಯ ಒಂದು ಷೇರನ್ನು ಎರಡೆರಡು ರೂಪಾಯಿಯ ಐದು ಷೇರುಗಳನ್ನಾಗಿ ಒಡೆದರೆ, ಅದರಿಂದ ಸಣ್ಣ ಹೂಡಿಕೆದಾರನಿಗೆ ಪ್ರಯೋಜನವುಂಟೋ ಇಲ್ಲವೋ ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ. ಇದು ವರ್ತಕರ ಮಾತು, ವಿದ್ವಾಂಸರ ಪತ್ರಿಕೆಯಲ್ಲಿ ಇದಕ್ಕೇನು ಕೆಲಸವೆಂದು ಕೆಲವರು ಶಂಕಿಸಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂಥ ಊರುಗಳಲ್ಲಿ ಹಿಂದೆ ಹೊಲಕ್ಕೋ ಬಂಗಾರಕ್ಕೋ ಬ್ಯಾಂಕಿನ ಠೇವಣಿಗೋ ಹೋಗುತ್ತಿದ್ದ ಉಳಿತಾಯದ ಒಂದು ಪಾಲು ಈಗ ಷೇರುಗಳಿಗೆ ಹೋಗತೊಡಗಿದೆ. ನಿವೃತ್ತರಾದ ಉಪಾಧ್ಯಾಯರೂ ಅಂಗಡಿಕಾರರೂ ಈ ವ್ಯವಹಾರವನ್ನು ಅರಿಯುವುದು ಶಬ್ದಗಳ ಮೂಲಕವೇ. ‘ಒಂದಕ್ಕೆ ಐದು’, ‘ಉಚಿತ’, ‘ಅಗ್ಗ’ ಎಂಬ ಶಬ್ದಗಳು ತಪ್ಪರ್ಥವನ್ನು ಹುಟ್ಟಿಸಿದರೆ ನಷ್ಟವಾಗುವುದು ವ್ಯಾಕರಣಕ್ಕಲ್ಲ, ಮನೆಯ ಗಂಟಿಗೆ. ಶಬ್ದಾರ್ಥನಿರ್ಣಯವು ನಮ್ಮ ಕೆಲಸವಾದುದರಿಂದ ಈ ವಿಚಾರವೂ ನಮಗೆ ಸಲ್ಲತಕ್ಕದ್ದೇ ಸರಿ.

ಮೊದಲು ‘ಸಣ್ಣ ಕಂಪನಿ ಹೂಡಿಕೆದಾರ’ ಎಂಬ ಮಾತಿನ ವಿಗ್ರಹವನ್ನು ನೋಡಬೇಕು. ಕಂಪನಿಯಲ್ಲಿ ಹಣ ಹೂಡಿದ ಸಣ್ಣವನು ಎಂಬುದು ಒಂದರ್ಥ. ಸಣ್ಣ ಕಂಪನಿಯಲ್ಲಿ ಹಣ ಹೂಡಿದವನು ಎಂಬುದು ಇನ್ನೊಂದು. ಇವೆರಡನ್ನೂ ಬೆರೆಸಿ ವಾದಿಸುವುದರಿಂದಲೇ ಈ ಚರ್ಚೆಯು ಬಹುಮಟ್ಟಿಗೆ ಕದಡಿದೆ. ಮೊದಲನೆಯ ಅರ್ಥಕ್ಕೆ ಹೇಳಿದ ಗುಣವು ಎರಡನೆಯದಕ್ಕೆ ದೋಷವಾಗುವುದೂ ಉಂಟು. ಆದಕಾರಣ ಎರಡನ್ನೂ ಬೇರೆಬೇರೆಯಾಗಿ ಪರಿಶೀಲಿಸುತ್ತೇವೆ.

ಪೂರ್ವಪಕ್ಷವು ಮೂರು ಹೇತುಗಳನ್ನು ಮುಂದಿಡುತ್ತದೆ. ವಿಭಜನದಿಂದ ಷೇರುಗಳ ಸಂಖ್ಯೆ ಹೆಚ್ಚುವುದರಿಂದ ಷೇರುದಾರನ ಸ್ವತ್ತು ಹೆಚ್ಚುತ್ತದೆ ಎಂಬುದು ಮೊದಲನೆಯದು. ಬೆಲೆ ಇಳಿಯುವುದರಿಂದ ಬಡವನಿಗೂ ಕೊಳ್ಳಲು ಶಕ್ಯವಾಗುತ್ತದೆ ಎಂಬುದು ಎರಡನೆಯದು. ವಿಭಜನದ ಸುದ್ದಿ ಹೊರಟೊಡನೆ ಬೆಲೆ ಏರುವುದನ್ನು ಲೋಕವೇ ಕಂಡಿದೆ ಎಂಬುದು ಮೂರನೆಯದು.

ಇವುಗಳಲ್ಲಿ ಮೊದಲನೆಯದು ನಿಲ್ಲತಕ್ಕದ್ದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ದಾಯವಿಭಾಗ ಪ್ರಕರಣದಲ್ಲಿ ಇದೇ ಜಾತಿಯ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ: ವಿಭಾಗದಿಂದ ಸ್ವಾಮ್ಯವು ಹುಟ್ಟುವುದೋ, ಅಥವಾ ಮೊದಲೇ ಇದ್ದ ಸ್ವಾಮ್ಯಕ್ಕೆ ವಿಭಾಗವಾಗುವುದೋ? ಅವನ ಸಿದ್ಧಾಂತವು ಎರಡನೆಯದು. ಸಮುದಾಯದ ಮೇಲೆ ಹರಡಿಕೊಂಡಿದ್ದ ಒಡೆತನವನ್ನು ಬೇರೆಬೇರೆ ಅಂಶಗಳಲ್ಲಿ ನೆಲೆಗೊಳಿಸುವುದೇ ವಿಭಾಗ. ಇಲ್ಲದ ಒಡೆತನವನ್ನು ಅದು ಉಂಟುಮಾಡಲಾರದು. ಅಣ್ಣತಮ್ಮಂದಿರ ಪಾಲಿಗೆ ಹೇಳಿದ ಈ ನ್ಯಾಯವು ಷೇರಿಗೆ ಇನ್ನೂ ಬಲವಾಗಿ ಸಲ್ಲುತ್ತದೆ. ಏಕೆಂದರೆ ಅಲ್ಲಿ ಒಡೆಯರಾದರೂ ಬೇರೆಯಾಗುತ್ತಾರೆ. ಇಲ್ಲಿ ಒಡೆಯನು ಅವನೇ, ಅವನ ಕೈಯಲ್ಲಿರುವ ತುಂಡುಗಳು ಮಾತ್ರ ಹೆಚ್ಚು.

ಇಂದಿನ ಶಾಸನವೂ ಇದನ್ನೇ ಹೇಳುತ್ತದೆ. ೨೦೧೩ರ ಕಂಪನಿ ಕಾಯಿದೆಯ ೬೧ನೆಯ ಪ್ರಕರಣವು ಷೇರುಗಳನ್ನು ಕಿರಿಯ ಮೊತ್ತದ ಷೇರುಗಳನ್ನಾಗಿ ಒಡೆಯಲು ಸಾಮಾನ್ಯ ಸಭೆಗೆ ಅಧಿಕಾರ ಕೊಡುತ್ತದೆ. ಆದರೆ ಸಂದಾಯವಾದ ಹಣಕ್ಕೂ ಬಾಕಿಗೂ ಇದ್ದ ಪ್ರಮಾಣವು ಕದಲಕೂಡದೆಂದು ವಿಧಿಸುತ್ತದೆ. ಮತದಾನದ ಹಕ್ಕಾದರೋ ಸಂದಾಯವಾದ ಬಂಡವಾಳದಲ್ಲಿ ಅವನಿಗಿರುವ ಪಾಲನ್ನು ಅನುಸರಿಸುತ್ತದೆ, ತುಂಡುಗಳ ಎಣಿಕೆಯನ್ನಲ್ಲ. ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಸಂಸ್ಥೆಯೇ ಇಂದಿನ ಕೆನರಾ ಬ್ಯಾಂಕು. ೨೦೨೪ರ ಮೇ ತಿಂಗಳಲ್ಲಿ ಅದರ ಹತ್ತು ರೂಪಾಯಿಯ ಷೇರು ಎರಡು ರೂಪಾಯಿಯ ಐದು ಷೇರುಗಳಾಯಿತು. ಆಗ ಭಾರತ ಸರ್ಕಾರದ ಕೈಯಲ್ಲಿ ಶೇಕಡ ಸುಮಾರು ೬೩ ಪಾಲು ಇದ್ದಿತು; ವಿಭಜನದಿಂದ ಅದು ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ನೂರು ಷೇರುಗಳಿದ್ದ ಗೃಹಸ್ಥನಿಗೆ ಐನೂರಾದುವು. ಬ್ಯಾಂಕಿನಲ್ಲಿ ಅವನ ಪಾಲು ಮೊದಲಿದ್ದಷ್ಟೇ ಉಳಿಯಿತು.

ಗಣಿತದೃಷ್ಟಿಯಿಂದ ನೋಡಿದರೂ ಇಷ್ಟೇ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಭಿನ್ನಗಳಿಗೆ ಮೀಸಲಾದ ಕಲಾಸವರ್ಣ ವ್ಯವಹಾರವಿದೆ. ಅಂಶವನ್ನೂ ಛೇದವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಭಿನ್ನದ ರೂಪವು ಬದಲಾಗುವುದೇ ಹೊರತು ಮೌಲ್ಯವು ಬದಲಾಗದೆಂಬುದು ಆ ಗಣಿತದ ಮೊದಲ ಮೆಟ್ಟಿಲು. ನನ್ನ ಷೇರುಗಳು ಅಂಶ, ಕಂಪನಿಯ ಒಟ್ಟು ಷೇರುಗಳು ಛೇದ. ವಿಭಜನವು ಎರಡನ್ನೂ ಐದರಿಂದ ಗುಣಿಸುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ತನ್ನ ಕನ್ನಡ ಗಣಿತಗ್ರಂಥಗಳಲ್ಲೊಂದಕ್ಕೆ ‘ಚಿತ್ರಹಸುಗೆ’ ಎಂದು ಹೆಸರಿಟ್ಟನು. ಹಸುಗೆಯೆಂದರೆ ಹಂಚಿಕೆ, ಪಾಲು. ಹಸುಗೆ ಬೇರೆ, ಹೆಚ್ಚಳ ಬೇರೆ ಎಂಬ ವಿವೇಕವು ನಮ್ಮ ಭಾಷೆಯಲ್ಲಿ ಹೊಸದಾಗಿ ಹುಟ್ಟಬೇಕಾದುದಲ್ಲ.

ಇಲ್ಲಿ ಪೂರ್ವಪಕ್ಷಿಯು ಇನ್ಫೋಸಿಸ್ ಕಂಪನಿಯನ್ನು ದೃಷ್ಟಾಂತವಾಗಿ ತರುವುದುಂಟು. ೧೯೯೩ರಲ್ಲಿ ಷೇರೊಂದಕ್ಕೆ ೯೫ ರೂಪಾಯಿಯಂತೆ ನೂರು ಷೇರುಗಳನ್ನು ೯,೫೦೦ ರೂಪಾಯಿಗೆ ಕೊಂಡು ಮಾರದೆ ಇಟ್ಟುಕೊಂಡವನ ಬಳಿ ೨೦೧೮ರ ಹೊತ್ತಿಗೆ ೧,೦೨,೪೦೦ ಷೇರುಗಳಾದುವು ಎಂಬುದು ದಿಟ. ಆದರೆ ಲೆಕ್ಕವನ್ನು ಬಿಡಿಸಿ ನೋಡಬೇಕು. ೧೯೯೪, ೧೯೯೭, ೧೯೯೯ರಲ್ಲಿ ಒಂದಕ್ಕೊಂದು ಬೋನಸ್. ೨೦೦೦ದಲ್ಲಿ ಹತ್ತು ರೂಪಾಯಿಯ ಷೇರು ಐದು ರೂಪಾಯಿಯದಾದ ವಿಭಜನ. ೨೦೦೪ರಲ್ಲಿ ಒಂದಕ್ಕೆ ಮೂರು ಬೋನಸ್. ೨೦೦೬, ೨೦೧೪, ೨೦೧೫, ೨೦೧೮ರಲ್ಲಿ ಮತ್ತೆ ಒಂದಕ್ಕೊಂದು. ಒಟ್ಟು ೧,೦೨೪ ಪಟ್ಟಿನಲ್ಲಿ ವಿಭಜನದಿಂದ ಬಂದುದು ಇಮ್ಮಡಿ ಮಾತ್ರ. ಅದಕ್ಕಿಂತ ಮುಖ್ಯವಾದುದೆಂದರೆ, ಇವಾವುವೂ ನಡೆಯದೆ ಇದ್ದಿದ್ದರೂ ಆ ನೂರು ಷೇರುಗಳೇ ಅಷ್ಟು ಸಂಪತ್ತನ್ನು ಹೊರುತ್ತಿದ್ದುವು. ಒಂದೊಂದರ ಬೆಲೆ ಮಾತ್ರ ಆಕಾಶಕ್ಕೇರಿರುತ್ತಿತ್ತು. ಸಂಪತ್ತಿಗೆ ಕಾರಣವು ಕಂಪನಿಯ ಗಳಿಕೆ. ವಿಭಜನವು ಆ ಗಳಿಕೆಯ ಹಿಂದೆ ಬಂದ ಲಕ್ಷಣ. ಚೆನ್ನೈಯ ಎಂ.ಆರ್.ಎಫ್. ಕಂಪನಿಯು ತನ್ನ ಷೇರನ್ನು ಒಡೆಯಲೇ ಇಲ್ಲ. ೨೦೨೩ರಲ್ಲಿ ಅದರ ಒಂದೊಂದು ಷೇರು ಲಕ್ಷ ರೂಪಾಯಿಯನ್ನು ದಾಟಿತು. ಒಡೆಯದಿದ್ದುದರಿಂದ ಅದರ ಒಡೆಯರು ಬಡವಾಗಲಿಲ್ಲ.

ಹಾಗಾದರೆ ವಿಭಜನವು ಕೇವಲ ನಿಷ್ಫಲವೆ? ಹಾಗೂ ಅಲ್ಲ. ಎರಡನೆಯ ಹೇತುವಿನಲ್ಲಿ ಸತ್ಯಾಂಶವುಂಟು. ಕೂಡ್ಲಿಗಿ ತಾಲ್ಲೂಕಿನಿಂದ ಕೊಟ್ಟೂರನ್ನು ಬೇರ್ಪಡಿಸಿ ತಾಲ್ಲೂಕು ಮಾಡಿದಾಗ ನೆಲವು ಒಂದು ಗೇಣೂ ಬೆಳೆಯಲಿಲ್ಲ. ಆದರೂ ಸುತ್ತಣ ಹಳ್ಳಿಗರಿಗೆ ಕಚೇರಿಯು ಹತ್ತಿರವಾಯಿತು. ಹಡಗಲಿಯ ಮಲ್ಲಿಗೆಯ ಮಾಲೆಯನ್ನು ಮಾರಿನ ಲೆಕ್ಕದಲ್ಲಿಯೇ ಮಾರುವೆನೆಂದು ಹೂವಾಡಿಗನು ಹಟ ಹಿಡಿದರೆ, ಒಂದು ಮೊಳಕ್ಕೆ ಮಾತ್ರ ಕಾಸುಳ್ಳವಳು ಬರಿಮುಡಿಯಲ್ಲಿ ಹಿಂದಿರುಗಬೇಕಾಗುತ್ತದೆ. ಮಾರನ್ನು ನಾಲ್ಕು ಮೊಳವಾಗಿ ಕತ್ತರಿಸಿದರೆ ಹೂವು ಹೆಚ್ಚುವುದಿಲ್ಲ, ಮುಡಿಯುವವರು ಹೆಚ್ಚುತ್ತಾರೆ. ಭಾರತದಲ್ಲಿ ಒಂದು ಷೇರಿಗಿಂತ ಕಡಮೆಯಾದ ತುಣುಕನ್ನು ಕೊಳ್ಳುವಂತಿಲ್ಲವಾದುದರಿಂದ ಈ ಪ್ರಯೋಜನವು ಅಲ್ಪವಲ್ಲ.

ಉದಾಹರಣೆಗೆ, ಒಬ್ಬನಲ್ಲಿ ಐದೈದು ಸಾವಿರ ರೂಪಾಯಿ ಬೆಲೆಯ ಎರಡು ಷೇರುಗಳಿವೆಯೆನ್ನೋಣ. ಮಗಳ ಶಾಲಾಶುಲ್ಕಕ್ಕೆ ಮೂರು ಸಾವಿರ ಬೇಕಾದರೆ ಅವನು ಐದು ಸಾವಿರದ್ದನ್ನು ಮಾರಲೇಬೇಕು. ಒಂದಕ್ಕೆ ಐದರಂತೆ ಒಡೆದಿದ್ದರೆ ಸಾವಿರದ ಮೂರನ್ನು ಮಾರಿ ಏಳನ್ನು ಉಳಿಸಿಕೊಳ್ಳಬಹುದು. ತಿಂಗಳಿಗೆ ಸಾವಿರ ಉಳಿಸುವವನು ತಿಂಗಳಿಗೊಂದನ್ನು ಕೊಳ್ಳಬಹುದು. ಹತ್ತು ಸಾವಿರವುಳ್ಳವನು ಅದನ್ನು ಒಂದೆರಡು ಕಂಪನಿಗಳಲ್ಲಿ ತೊಡಗಿಸದೆ ಹಲವು ಕಡೆ ಹರಡಿ ಅಪಾಯವನ್ನು ತಗ್ಗಿಸಿಕೊಳ್ಳಬಹುದು. ಈ ಪ್ರಯೋಜನವನ್ನು ಸೌಕರ್ಯವೆಂದು ಕರೆಯಬೇಕು, ಲಾಭವೆಂದಲ್ಲ. ದೊಡ್ಡ ಹೂಡಿಕೆದಾರನಿಗೆ ಈ ಸೌಕರ್ಯವು ಬೇಕಿಲ್ಲವಾದುದರಿಂದ, ಇದು ಸಣ್ಣವನಿಗೇ ವಿಶೇಷವಾಗಿ ಸಲ್ಲತಕ್ಕದ್ದೆಂಬುದನ್ನು ಒಪ್ಪಬೇಕು.

ಮೂರನೆಯ ಹೇತುವಿನ ಪರೀಕ್ಷೆಗೆ ಪ್ರತ್ಯಕ್ಷಪ್ರಮಾಣವೇ ಗತಿ. ಫಾಮಾ, ಫಿಷರ್, ಜೆನ್ಸೆನ್, ರೋಲ್ ಎಂಬ ನಾಲ್ವರು ವಿದ್ವಾಂಸರು ೧೯೨೭ರಿಂದ ೧೯೫೯ರವರೆಗೆ ನ್ಯೂಯಾರ್ಕ್ ಷೇರುಪೇಟೆಯಲ್ಲಿ ನಡೆದ ೯೪೦ ವಿಭಜನಗಳನ್ನು ಪರಿಶೀಲಿಸಿ ೧೯೬೯ರಲ್ಲಿ ಪ್ರಕಟಿಸಿದರು. ಬೆಲೆಯ ಅಸಾಧಾರಣವಾದ ಏರಿಕೆಯು ವಿಭಜನಕ್ಕೆ ಮುಂಚೆಯೇ ನಡೆದುಹೋಗಿರುತ್ತದೆ. ಅನಂತರ ಸರಾಸರಿಯಲ್ಲಿ ವಿಶೇಷ ಫಲವಿಲ್ಲ. ಲಾಭಾಂಶವನ್ನು ಹೆಚ್ಚಿಸಿದ ಕಂಪನಿಗಳ ಬೆಲೆ ನಿಂತಿತು, ಹೆಚ್ಚಿಸದವುಗಳದು ಕುಸಿಯಿತು. ಇದು ಅವರ ನಿಷ್ಕರ್ಷೆ. ಪ್ರತಿಪಕ್ಷವನ್ನೂ ಮರೆಮಾಚಬಾರದು. ಐಕೆನ್‌ಬೆರಿ ಮೊದಲಾದವರು ೧೯೭೫ರಿಂದ ೧೯೯೦ರವರೆಗಿನ ೧,೨೭೫ ವಿಭಜನಗಳನ್ನು ನೋಡಿ, ಮೊದಲ ವರ್ಷದಲ್ಲಿ ಶೇಕಡ ಸುಮಾರು ೮ರಷ್ಟು ಹೆಚ್ಚಿನ ಫಲ ಕಂಡಿತೆಂದು ೧೯೯೬ರಲ್ಲಿ ಬರೆದರು. ಆದರೆ ಅವರೂ ಇದನ್ನು ವಿಭಜನಕ್ರಿಯೆಯ ಫಲವೆನ್ನದೆ, ಮುಂದಿನ ಗಳಿಕೆಯಲ್ಲಿ ಭರವಸೆಯುಳ್ಳ ಆಡಳಿತಗಾರರೇ ಒಡೆಯಲು ಮುಂದಾಗುತ್ತಾರೆಂಬುದರ ಸೂಚನೆಯೆಂದು ಭಾವಿಸಿದರು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಹೊಗೆಯಿಂದ ಅಡಿಗೆಯಾಗದು.

ಇನ್ನು ಎರಡನೆಯ ವಿಗ್ರಹ. ಸಣ್ಣ ಕಂಪನಿಯ ಷೇರು ಬಹಳ ವೇಳೆ ಮೊದಲೇ ಅಗ್ಗವಾಗಿರುತ್ತದೆ. ನಲವತ್ತು ರೂಪಾಯಿಯ ಷೇರನ್ನು ನಾಲ್ಕು ರೂಪಾಯಿಯದಾಗಿ ಮಾಡಿದರೆ, ಹಿಂದೆ ಕೊಳ್ಳಲಾರದಿದ್ದ ಯಾರಿಗೂ ಹೊಸದಾಗಿ ಬಾಗಿಲು ತೆರೆಯುವುದಿಲ್ಲ. ನಾಲ್ಕು ರೂಪಾಯಿಯದು ಎಂಟಾಗಲು ಎಷ್ಟು ಹೊತ್ತು ಎಂಬ ಭ್ರಮೆಗೆ ಮಾತ್ರ ಎಡೆಯಾಗುತ್ತದೆ. ಸಣ್ಣ ಉದ್ದಿಮೆಗಳಿಗೆಂದು ೨೦೧೨ರಿಂದ ಏರ್ಪಟ್ಟಿರುವ ಪ್ರತ್ಯೇಕ ಪೇಟೆಗಳಲ್ಲಿ ಒಂದೊಂದು ಷೇರಿನಂತೆ ವ್ಯಾಪಾರವಿಲ್ಲ, ಗೊತ್ತಾದ ಗಂಟುಗಳಂತೆ ವ್ಯಾಪಾರ. ಷೇರಿನ ಬೆಲೆ ಇಳಿದ ಮಾತ್ರಕ್ಕೆ ಗಂಟಿನ ಬೆಲೆಯೂ ಇಳಿಯಿತೆಂದು ಎಣಿಸಕೂಡದು. ಆದುದರಿಂದ ಈ ಅರ್ಥದಲ್ಲಿ ವಿಭಜನದ ಸುದ್ದಿಯು ಸಂತೋಷಕ್ಕಿಂತ ಪರೀಕ್ಷೆಗೆ ಕಾರಣವಾಗತಕ್ಕದ್ದು.

ಕಡೆಯಲ್ಲಿ ಪರಿಭಾಷೆಯ ವಿಮರ್ಶೆ. ‘ಉಚಿತ ಷೇರು’ ಎಂಬ ಮಾತನ್ನು ವಿಭಜನಕ್ಕೆ ಬಳಸುವುದು ಸಾಧುವಲ್ಲ. ಬೋನಸ್ಸಿನಲ್ಲಿ ಕಂಪನಿಯ ಸಂಚಿತನಿಧಿಯು ಬಂಡವಾಳವಾಗಿ ಮಾರ್ಪಡುತ್ತದೆ, ಮುಖಬೆಲೆಯು ಹಾಗೆಯೇ ಉಳಿಯುತ್ತದೆ. ವಿಭಜನದಲ್ಲಿ ಮುಖಬೆಲೆಯೇ ಒಡೆಯುತ್ತದೆ. ತೆರಿಗೆಯ ಲೆಕ್ಕದಲ್ಲಿಯೂ ಭೇದವುಂಟು: ವಿಭಜಿತ ಷೇರಿಗೆ ಮೂಲಷೇರಿನ ಕೊಂಡ ಬೆಲೆಯೇ ಹಂಚಿಕೆಯಾಗುತ್ತದೆ, ಕೊಂಡ ದಿನವೇ ಎಣಿಕೆಗೆ ಬರುತ್ತದೆ, ಬೋನಸ್ ಷೇರಿಗೆ ಕೊಂಡ ಬೆಲೆ ಸೊನ್ನೆ, ಹಂಚಿದ ದಿನವೇ ಆರಂಭ. ಎರಡನ್ನೂ ಒಂದೇ ಹೆಸರಿನಿಂದ ಕರೆದವನು ಲೆಕ್ಕವನ್ನೂ ತಪ್ಪಿಯಾನು. ‘ನೂರಕ್ಕೆ ನೂರು ಲಾಭಾಂಶ’ ಎಂಬ ಮಾತೂ ಹೀಗೆಯೇ. ಈ ಶೇಕಡವು ಮುಖಬೆಲೆಯ ಮೇಲಣದು, ಕೊಂಡ ಬೆಲೆಯ ಮೇಲಣದಲ್ಲ. ಎರಡು ರೂಪಾಯಿ ಮುಖಬೆಲೆಯ ಷೇರಿಗೆ ನೂರಕ್ಕೆ ನೂರೆಂದರೆ ಎರಡೇ ರೂಪಾಯಿ. ೧೯೯೯ರಲ್ಲಿ ಸೆಬಿಯು ಹತ್ತು, ನೂರು ರೂಪಾಯಿಗಳ ನಿಯತ ಮುಖಬೆಲೆಯನ್ನು ತೆಗೆದು, ಒಂದು ರೂಪಾಯಿಗೆ ಕಡಮೆಯಾಗದಂತೆ ಕಂಪನಿಗಳಿಗೆ ಸ್ವಾತಂತ್ರ್ಯವಿತ್ತ ಮೇಲೆ, ಮುಖಬೆಲೆಯನ್ನು ನೋಡದೆ ಈ ಶೇಕಡಗಳನ್ನು ಹೋಲಿಸುವುದು ವ್ಯರ್ಥ. ‘ಷೇರು ವಿಭಜನ’ ಎಂಬುದಕ್ಕಿಂತ ‘ಮುಖಬೆಲೆಯ ಹಸುಗೆ’ ಎಂದರೆ ಒಡೆಯುವುದು ಏನೆಂಬುದು ಶಬ್ದದಿಂದಲೇ ತಿಳಿಯುತ್ತದೆ. ಪಠ್ಯಗಳನ್ನು ಬರೆಯುವವರು ಇದನ್ನು ಪರಾಂಬರಿಸಬೇಕೆಂದು ಸೂಚಿಸುತ್ತೇವೆ.

ನಿರ್ಣಯವು ಹೀಗೆ: ವಿಭಜನದಿಂದ ಸ್ವತ್ತು ಬೆಳೆಯದು. ಬೆಲೆಯು ಕೈಗೆಟುಕದಷ್ಟು ಏರಿದ್ದಲ್ಲಿ ಸಣ್ಣ ಹೂಡಿಕೆದಾರನಿಗೆ ಅದು ಸೌಕರ್ಯ. ಬೆಲೆಯು ಮೊದಲೇ ಕೈಗೆಟುಕುವಂತಿದ್ದಲ್ಲಿ ಅದೂ ಅಲ್ಲ. ಯಾಜ್ಞವಲ್ಕ್ಯಸ್ಮೃತಿಯ ಸಂಭೂಯಸಮುತ್ಥಾನ ಪ್ರಕರಣದಲ್ಲಿ ಕೂಡಿ ವ್ಯಾಪಾರ ಮಾಡುವವರಿಗೆ ಲಾಭನಷ್ಟಗಳೆರಡೂ ಅವರವರು ಹಾಕಿದ ದ್ರವ್ಯಕ್ಕೆ ಅನುಗುಣವಾಗಿ, ಅಥವಾ ಮಾಡಿಕೊಂಡ ಒಪ್ಪಂದದಂತೆ, ಎಂದು ವಿಧಿಸಿದೆ. ಹಾಕಿದ ದ್ರವ್ಯವೆಷ್ಟು, ಆ ವ್ಯಾಪಾರವು ಗಳಿಸುತ್ತಿರುವುದೆಷ್ಟು ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಕಲಿತವನಿಗೆ ತುಂಡುಗಳೆಷ್ಟೆಂಬ ಮೂರನೆಯ ಪ್ರಶ್ನೆಯು ಮೋಸಮಾಡಲಾರದು. ಕೇಳಲು ಕಲಿಸುವ ಹೊಣೆಯು ಭಾಷೆಯನ್ನು ಕಲಿಸುವವರ ಮೇಲೆಯೂ ಇದೆ.