ಬಾಂಡ್‌ನ ಪಿಸ್ತೂಲು ಬದಲಾಯಿಸಿದ ಓದುಗ

1956ರ ಮೇ ತಿಂಗಳಲ್ಲಿ ಗ್ಲಾಸ್ಗೋ ನಗರದ ಓದುಗನೊಬ್ಬ ಕಾದಂಬರಿಕಾರ ಇಯಾನ್ ಫ್ಲೆಮಿಂಗ್‌ಗೆ ಕಾಗದ ಬರೆದ. ಹೆಸರು ಜೆಫ್ರಿ ಬೂತ್‌ರಾಯ್ಡ್, ಹವ್ಯಾಸ ಬಂದೂಕುಗಳು. ಜೇಮ್ಸ್ ಬಾಂಡ್ ತನಗೆ ಬಹಳ ಇಷ್ಟ, ಆದರೆ ಬಂದೂಕಿನ ವಿಷಯದಲ್ಲಿ ಅವನ ಅಭಿರುಚಿ ಸಹಿಸುವಂಥದ್ದಲ್ಲ ಎಂಬುದು ಕಾಗದದ ಸಾರಾಂಶ. ಮೊದಲ ಕಾದಂಬರಿ 'ಕ್ಯಾಸಿನೊ ರಾಯಲ್'ನಿಂದ (1953) ಬಾಂಡ್ ಕಂಕುಳಲ್ಲಿಟ್ಟುಕೊಂಡು ತಿರುಗುತ್ತಿದ್ದದ್ದು .25 ಕ್ಯಾಲಿಬರಿನ ಬೆರೆಟಾ. ಅದು ಹೆಂಗಸರ ಪಿಸ್ತೂಲು, ಇಂಥ ಕೆಲಸದವನಿಗೆ ತಕ್ಕದ್ದಲ್ಲ ಎಂದು ಬೂತ್‌ರಾಯ್ಡ್‌ನ ತಕರಾರು. ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ .38 ರಿವಾಲ್ವರ್ ಕೊಡಿ, ಅದನ್ನಿಡಲು ಬರ್ನ್ಸ್-ಮಾರ್ಟಿನ್ ಚರ್ಮದ ಚೀಲ ಕೊಡಿ, ಪಿಸ್ತೂಲೇ ಬೇಕೆಂದರೆ ವಾಲ್ತರ್ ಪಿಪಿಕೆ ಆಗಬಹುದು ಎಂದು ಸಲಹೆಯನ್ನೂ ಕೊಟ್ಟ.

ಫ್ಲೆಮಿಂಗ್ ಸಿಟ್ಟಾಗಲಿಲ್ಲ. 1958ರಲ್ಲಿ ಬಂದ 'ಡಾಕ್ಟರ್ ನೋ' ಕಾದಂಬರಿಯಲ್ಲಿ ಮೇಜರ್ ಬೂತ್‌ರಾಯ್ಡ್ ಎಂಬ ಹೆಸರಿನ ಶಸ್ತ್ರತಜ್ಞನನ್ನೇ ಸೃಷ್ಟಿಸಿ, ಬಾಂಡ್‌ನ ಬೆರೆಟಾ ಕಸಿದು ವಾಲ್ತರ್ ಕೊಡಿಸಿದ. ಓದುಗರ ಪತ್ರದಿಂದ ಕತೆಯ ಅಂತ್ಯ ಬದಲಾದದ್ದು ಧಾರಾವಾಹಿ ಕಾದಂಬರಿಗಳ ಕಾಲದಲ್ಲಿ ಹೊಸದೇನಲ್ಲ. ಪತ್ರ ಬರೆದವನೇ ಪಾತ್ರವಾಗಿ ಒಳಹೊಕ್ಕು ನಾಯಕನಿಗೆ ಬುದ್ಧಿ ಹೇಳಿದ್ದು ಅಪರೂಪ.

ಆ ದೃಶ್ಯವನ್ನು ನಾನು ಮೂರ್ನಾಲ್ಕು ಸಲ ಓದಿದ್ದೇನೆ. ಫ್ಲೆಮಿಂಗ್ ದೊಡ್ಡ ಸಾಹಿತಿ ಎಂದು ವಾದಿಸುವ ಹಟ ನನಗಿಲ್ಲ. ಆದರೆ ಆಯುಧದ ಮಾಲೀಕನ ಮನಸ್ಸನ್ನು ಅವನು ಅಲ್ಲಿ ಹಿಡಿದಂತೆ ಹಿಡಿದವರು ಕಡಿಮೆ. ಬೆರೆಟಾ ಮೇಜಿನ ಮೇಲೆ ಬಿಟ್ಟು ಹೊರಡುವಾಗ ಬಾಂಡ್‌ಗೆ ಅದರೊಂದಿಗಿನ ನಂಟು ಒಂದು ದಾಂಪತ್ಯದಂತೆ ಕಾಣುತ್ತದೆ. ಯಾವ ಯಾವುದೋ ಊರಿನ ಹೋಟೆಲು ಕೋಣೆಗಳಲ್ಲಿ ಅದನ್ನು ಬಿಚ್ಚಿ ಎಣ್ಣೆ ಹಾಕಿದ್ದು, ಒಂದೊಂದೇ ಗುಂಡು ತುಂಬಿದ್ದು ನೆನಪಾಗುತ್ತದೆ. ಎಷ್ಟು ಜನರನ್ನು ಕೊಂದೆ ಎಂಬ ಲೆಕ್ಕ ಅಲ್ಲಿಲ್ಲ, ಎದ್ದು ಕಾಣುವುದು ಆರೈಕೆಯ ನೆನಪು. ನಾಲ್ಕು ವರ್ಷದ ನಂತರ ಬಂದ ಸಿನಿಮಾದಲ್ಲಿ ಬಾಂಡ್ ಬೆರೆಟಾವನ್ನು ಕದ್ದು ಒಯ್ಯಲು ನೋಡಿ ಸಿಕ್ಕಿಬೀಳುತ್ತಾನೆ. ಥಿಯೇಟರಿನಲ್ಲಿ ನಗು ಬರುವ ಜಾಗ ಅದು. ಪುಸ್ತಕದಲ್ಲಿ ನಗು ಇಲ್ಲ.

ಕಿಂಗ್ಸ್‌ಲಿ ಏಮಿಸ್ 1965ರಲ್ಲಿ ಬರೆದ ಬಾಂಡ್ ಕುರಿತ ಪುಸ್ತಕದಲ್ಲಿ 'ಫ್ಲೆಮಿಂಗ್ ಎಫೆಕ್ಟ್' ಎಂಬ ಮಾತನ್ನು ಬಳಕೆಗೆ ತಂದ. ಕತೆ ನಂಬಲಾಗದಷ್ಟು ಹಾರುವಾಗ ಸಿಗರೇಟಿನ, ಕಾರಿನ, ಪಾನೀಯದ ನಿಜವಾದ ಹೆಸರುಗಳು ಅದನ್ನು ನೆಲಕ್ಕೆ ಕಟ್ಟಿಹಾಕುತ್ತವೆ ಎಂಬುದು ಅವನ ಗ್ರಹಿಕೆ. ಒಪ್ಪತಕ್ಕದ್ದೇ. ಆದರೆ ಬಂದೂಕಿನ ಮಟ್ಟಿಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಫ್ಲೆಮಿಂಗ್ ಬೂತ್‌ರಾಯ್ಡ್‌ನ ಸಲಹೆಗಳನ್ನು ಕಲಸಿ, ರಿವಾಲ್ವರಿಗಾಗಿ ಮಾಡಿದ ಬರ್ನ್ಸ್-ಮಾರ್ಟಿನ್ ಚೀಲವನ್ನು ವಾಲ್ತರ್ ಪಿಸ್ತೂಲಿಗೆ ಜೋಡಿಸಿಬಿಟ್ಟ. ಬಲ್ಲವರಿಗೆ ಅದು ಎತ್ತಿನ ನೊಗಕ್ಕೆ ಕುದುರೆ ಹೂಡಿದಂತೆ. 'ಫ್ರಮ್ ರಷ್ಯಾ ವಿತ್ ಲವ್' ಸಿನಿಮಾದ ಪ್ರಚಾರ ಚಿತ್ರ ತೆಗೆಯುವ ದಿನ ಪಿಪಿಕೆ ಸಿಗದೆ ಶಾನ್ ಕಾನರಿಯ ಕೈಗೆ ಕೊಟ್ಟದ್ದು ವಾಲ್ತರ್ ಕಂಪನಿಯದೇ ಗಾಳಿ ಪಿಸ್ತೂಲು, ಗುರಿ ಅಭ್ಯಾಸದ ಎಲ್‌ಪಿ-53. ಬಾಂಡ್ ಎಂದಾಗ ಅನೇಕರ ಕಣ್ಣ ಮುಂದೆ ಬರುವ ಆ ಉದ್ದ ನಳಿಗೆಯ ಆಯುಧ ಅದೇ. ಅದರಿಂದ ಪಿಪಿಕೆಯ ಪ್ರಖ್ಯಾತಿಗೆ ಕಿಂಚಿತ್ತೂ ಧಕ್ಕೆಯಾಗಲಿಲ್ಲ. ಅಂದರೆ ಹೆಸರು ನೆಲಕ್ಕೆ ಕಟ್ಟಿಹಾಕುತ್ತದೆ ಎನ್ನುವುದಕ್ಕಿಂತ, ಹೆಸರೊಂದಿದ್ದರೆ ಅಭಿಮಾನಿಗೆ ನೆಲವೇ ಬೇಡ ಎನ್ನುವುದು ಹೆಚ್ಚು ಸರಿ.

ಅಮೆರಿಕದಲ್ಲಿ ಬದುಕುವವನಿಗೆ ಇಂಥ ಅಭಿಮಾನ ಪುಸ್ತಕದಲ್ಲಷ್ಟೇ ಸಿಗುವುದಿಲ್ಲ. ಇಲ್ಲಿನ ಪಿಸ್ತೂಲು ಮಾಲೀಕರಲ್ಲಿ ಎರಡು ದೊಡ್ಡ ಮಠಗಳಿವೆ. ಒಂದು ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ, 1911ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ .45 ಪಿಸ್ತೂಲಿನದು. ಆ ಇಸವಿಯೇ ಅದರ ಹೆಸರು. ಇನ್ನೊಂದು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ಮಾಡಿದ, ಪ್ಲಾಸ್ಟಿಕ್ ಮೈಯ ಗ್ಲಾಕ್‌ನದು. ಪರದೆಯ ಸರಳು, ಚಾಕು ಇತ್ಯಾದಿ ಮಾಡಿಕೊಂಡಿದ್ದ ಆತ ಎಂಬತ್ತರ ದಶಕದ ಆರಂಭದಲ್ಲಿ ಪಿಸ್ತೂಲಿಗೆ ಕೈಹಾಕಿ ಹಳಬರನ್ನೆಲ್ಲ ಹಿಂದಿಕ್ಕಿದ. ನನ್ನ ಪರಿಚಯದ ಕನ್ನಡಿಗರೊಬ್ಬರು ಇದನ್ನು ನನಗೆ ಅರ್ಥ ಮಾಡಿಸಿದ್ದು ಹೀಗೆ: "ಗ್ಲಾಕ್ ಅಂದ್ರೆ ಟೊಯೋಟಾ ಕಣ್ರೀ. 1911 ಅಂದ್ರೆ ಬುಲೆಟ್ ಬೈಕು. ಕೆಟ್ಟರೂ ಅದರ ಮೇಲೆ ಕೂತವನ ಗತ್ತು ಇಳಿಯಲ್ಲ." ಅವರದು ಗ್ಲಾಕ್. ಕೊಂಡು ಆರು ವರ್ಷವಾಯಿತು, ಗುರಿ ಅಭ್ಯಾಸದ ಕಾಗದವೊಂದನ್ನು ಬಿಟ್ಟು ಬೇರೆ ಯಾವುದರ ಮೇಲೂ ಗುಂಡು ಬಿದ್ದಿಲ್ಲ. ಬೀಳದಿರಲಿ.

ಆ ಮಾತಿನಲ್ಲೇ ವಿಷಯದ ತಿರುಳಿದೆ. ಟೊಯೋಟಾ ನಂಬಿಕೆಗೆ ತಕ್ಕದ್ದೋ ಅಲ್ಲವೋ ಎಂದು ದಿನಾ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಗೊತ್ತಾಗುತ್ತದೆ. ಕನ್ನಡ ಓದುಗರಿಗೆ ಪರಿಚಿತವಾದ ಕೋವಿಯೂ ಹಾಗೆಯೇ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ನೆನೆಯಿರಿ. ಬೆಂಗಳೂರಿನ ಆಂಡರ್ಸನ್ ತನ್ನ .405 ವಿಂಚೆಸ್ಟರ್ ರೈಫಲ್ಲನ್ನು ಬಿಟ್ಟುಕೊಟ್ಟವನಲ್ಲ, ಅದೂ ಬ್ರಾಂಡ್ ನಿಷ್ಠೆಯೇ. ಆದರೆ ಆ ನಿಷ್ಠೆಗೆ ಪರೀಕ್ಷೆ ಇತ್ತು. ಗುಂಡು ತಾಗಿತೋ ತಪ್ಪಿತೋ ಎನ್ನುವುದನ್ನು ಮರುದಿನ ಬೆಳಿಗ್ಗೆ ರಕ್ತದ ಕಲೆ, ಹೆಜ್ಜೆ ಗುರುತು ಹೇಳುತ್ತಿದ್ದವು. ಮಲೆನಾಡಿನ ಕೇಪಿನ ಕೋವಿಯವನಿಗಂತೂ ಕಂಪನಿಯ ಹೆಸರೇ ಗೊತ್ತಿರುವುದಿಲ್ಲ, ಮಳೆಗಾಲದಲ್ಲಿ ಮದ್ದು ಹತ್ತುತ್ತದೆಯೇ ಎನ್ನುವುದು ಗೊತ್ತಿರುತ್ತದೆ.

ಆತ್ಮರಕ್ಷಣೆಯ ಪಿಸ್ತೂಲಿಗೆ ಅಂಥ ಬೆಳಗು ಇಲ್ಲ. ಪ್ಯೂ ಸಂಶೋಧನಾ ಕೇಂದ್ರ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇಲ್ಲಿನ ಬಂದೂಕು ಮಾಲೀಕರಲ್ಲಿ ನೂರಕ್ಕೆ 67 ಮಂದಿ ರಕ್ಷಣೆ ಒಂದು ಮುಖ್ಯ ಕಾರಣ ಎಂದಿದ್ದರು. ಅದೇ ವರ್ಷ ಅದೇ ಸಂಸ್ಥೆ ಪೊಲೀಸರ ಬಗ್ಗೆ ಪ್ರಕಟಿಸಿದ ಸಮೀಕ್ಷೆಯಲ್ಲಿ, ತರಬೇತಿ ಬಿಟ್ಟು ಕರ್ತವ್ಯದ ಮೇಲೆ ಎಂದಾದರೂ ಗುಂಡು ಹಾರಿಸಿದ್ದೇನೆ ಎಂದವರು ನೂರಕ್ಕೆ 27. ಸೊಂಟದ ಮೇಲೆ ಆಯುಧ ಹೊತ್ತು ಸಂಬಳ ಪಡೆಯುವವರ ಕತೆಯೇ ಹೀಗಾದರೆ, ಹಾಸಿಗೆ ಪಕ್ಕದ ಡ್ರಾಯರಿನಲ್ಲಿ ಇಟ್ಟವನಿಗೆ ಆ ಕ್ಷಣ ಎಲ್ಲಿಂದ ಬರಬೇಕು? ಬಾರದ ಕ್ಷಣಕ್ಕೆ ಯಾವ ಬ್ರಾಂಡ್ ಉತ್ತಮ ಎಂಬ ವಾದಕ್ಕೆ ಸೋಲಿಲ್ಲ, ಮುಗಿತಾಯವೂ ಇಲ್ಲ. ಬಾಂಡ್ ಆ ಖಾಲಿ ಜಾಗದಲ್ಲಿ ಬಂದು ಕೂರುತ್ತಾನೆ. 1971ರ 'ಡರ್ಟಿ ಹ್ಯಾರಿ' ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಿಡಿದ ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 29 ರಿವಾಲ್ವರಿಗೆ ಒಮ್ಮೆಗೇ ಬೇಡಿಕೆ ಏರಿದ್ದೂ ಇದಕ್ಕೇ. ಕೊಂಡವರಿಗೆ ಸಿಕ್ಕಿದ್ದು ಒಂದು ದೃಶ್ಯ.

ಹಾಗಾದರೆ ಈ ನಿಷ್ಠೆ ಬರೀ ಪೊಳ್ಳೇ? ಅಲ್ಲ. ಅದರ ಬೆಲೆಯನ್ನು ಡಾಲರಿನಲ್ಲಿ ತೋರಿಸಿದ ಪ್ರಸಂಗವೊಂದಿದೆ. ಲೆಕ್ಕಪತ್ರದವನಾದ ನನಗೆ ಇಡೀ ವಿಷಯದಲ್ಲಿ ಹೆಚ್ಚು ಕುತೂಹಲ ಅದರ ಮೇಲೆಯೇ.

ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯನ್ನು 1987ರಲ್ಲಿ ಟಾಮ್ಕಿನ್ಸ್ ಎಂಬ ಬ್ರಿಟಿಷ್ ಸಂಸ್ಥೆ ಸುಮಾರು 11 ಕೋಟಿ ಡಾಲರಿಗೆ ಕೊಂಡಿತು. 2000ದ ಮಾರ್ಚ್‌ನಲ್ಲಿ, ನಗರಾಡಳಿತಗಳು ಬಂದೂಕು ಕಂಪನಿಗಳ ಮೇಲೆ ಸಾಲುಸಾಲು ದಾವೆ ಹೂಡಿದ್ದ ಕಾಲದಲ್ಲಿ, ಕಂಪನಿ ಕ್ಲಿಂಟನ್ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಪಿಸ್ತೂಲಿಗೆ ಬೀಗ ಕೊಡುತ್ತೇವೆ, ಮಾರುವ ಅಂಗಡಿಗಳಿಗೆ ಕಟ್ಟುಪಾಡು ಹಾಕುತ್ತೇವೆ, ಮಾಲೀಕನ ಕೈಯಲ್ಲಷ್ಟೇ ಸಿಡಿಯುವ ತಂತ್ರಜ್ಞಾನಕ್ಕೆ ಹಣ ತೊಡಗಿಸುತ್ತೇವೆ, ಹೀಗೆ. ರಾಷ್ಟ್ರೀಯ ರೈಫಲ್ ಸಂಘ ಶರಣಾಗತಿ ಎಂದು ಜರೆಯಿತು. ತಲೆಮಾರುಗಳಿಂದ ಅದೇ ರಿವಾಲ್ವರ್ ಇಟ್ಟುಕೊಂಡಿದ್ದವರು ಕೊಳ್ಳುವುದನ್ನು ನಿಲ್ಲಿಸಿದರು. ಅಂಗಡಿಯವರು ಮಾಲು ತರಿಸಲಿಲ್ಲ. ಕೆಲಸಗಾರರನ್ನು ತೆಗೆಯಬೇಕಾಯಿತು, ಕಂಪನಿಯ ಮುಖ್ಯಸ್ಥ ಆ ವರ್ಷವೇ ಹೊರನಡೆದ. 2001ರಲ್ಲಿ ಟಾಮ್ಕಿನ್ಸ್ ಅದನ್ನು ಮಾರಿದ್ದು 1.5 ಕೋಟಿ ಡಾಲರಿಗೆ. ಕೊಂಡವರು ಜತೆಗೆ 3 ಕೋಟಿಯ ಸಾಲದ ಹೊಣೆ ಹೊತ್ತರು. ಬೆಲೆ ಕುಸಿತಕ್ಕೆ ದಾವೆಗಳ ಭಯವೂ ಕಾರಣ, ಬಹಿಷ್ಕಾರವೊಂದೇ ಅಲ್ಲ. ಆದರೂ ಅಂತರ ಕಣ್ಣಿಗೆ ರಾಚುತ್ತದೆ.

ಕಂಪನಿಯೊಂದು ತಾನೇ ಬೆಳೆಸಿದ ಹೆಸರನ್ನು ತನ್ನ ಲೆಕ್ಕದಲ್ಲಿ ಆಸ್ತಿಯಾಗಿ ತೋರಿಸುವಂತಿಲ್ಲ. ಇನ್ನೊಬ್ಬರು ಕೊಂಡಾಗ ಮಾತ್ರ ಅದು ಗುಡ್‌ವಿಲ್ ಎಂದೋ ಬ್ರಾಂಡ್ ಎಂದೋ ಪುಸ್ತಕಕ್ಕೆ ಬರುತ್ತದೆ. ಇದು ನಿಯಮ, ಸಿಎ ಪರೀಕ್ಷೆಗೆ ಓದುವಾಗ ವಿಚಿತ್ರ ಅನ್ನಿಸುತ್ತಿತ್ತು. ಸ್ಮಿತ್ ಅಂಡ್ ವೆಸ್ಸನ್ ಪ್ರಸಂಗ ಓದಿದ ಮೇಲೆ ನಿಯಮ ಮಾಡಿದವರ ಜಾಣತನ ತಿಳಿಯಿತು. ಆ ಹೆಸರು ಕಂಪನಿಯ ಕೈಯಲ್ಲಿರಲೇ ಇಲ್ಲ, ಗಿರಾಕಿಗಳ ಕೈಯಲ್ಲಿತ್ತು. ಉಕ್ಕು ಅದೇ, ಕಾರ್ಖಾನೆ ಅದೇ, ಗುರಿಯ ನಿಖರತೆ ಕೂದಲಷ್ಟೂ ಕೆಟ್ಟಿರಲಿಲ್ಲ. ನಿಷ್ಠೆ ಆಯುಧಕ್ಕಾಗಿದ್ದರೆ ಕೊಳ್ಳುವುದನ್ನು ನಿಲ್ಲಿಸಲು ಕಾರಣವೇ ಇರಲಿಲ್ಲ. ಅದು ಇದ್ದದ್ದು 'ನಮ್ಮ ಕಡೆಯವರು' ಎಂಬುದಕ್ಕೆ. ಕೊಂಡ ಹೊಸ ಕಂಪನಿ ಯಾವುದು ಗೊತ್ತೇ? ಸೇಫ್-ಟಿ-ಹ್ಯಾಮರ್, ಬಂದೂಕಿಗೆ ಸುರಕ್ಷತಾ ಬೀಗ ಮಾಡುವ ಸಂಸ್ಥೆ! ಮುಂದೆ ರಿವಾಲ್ವರುಗಳ ಮೈಯಲ್ಲೇ ಸಣ್ಣ ಕೀಲಿಕಂಡಿ ಬಂತು. ಅಭಿಮಾನಿಗಳು ಅದಕ್ಕೆ ಹಿಲರಿ ಕ್ಲಿಂಟನ್ ಹೆಸರಿಟ್ಟು ಹಂಗಿಸಿದರು, ಆದರೆ ಕ್ರಮೇಣ ಅಂಗಡಿಗೆ ಮರಳಿದರು. ಕಂಡಿಯಿಲ್ಲದ ಹಳೆಯ ರಿವಾಲ್ವರಿಗೆ ಹೆಚ್ಚು ಬೆಲೆ ಕೊಡುವವರು ಈಗಲೂ ಇದ್ದಾರೆ.

ಆ ಕಂಡಿಯ ಮೇಲಿನ ಸಿಟ್ಟನ್ನು ನಾನು ಹಗುರವಾಗಿ ನೋಡಲಾರೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಆತ್ಮಹತ್ಯೆಗಳು, ಅರ್ಧಕ್ಕಿಂತ ಹೆಚ್ಚು. ಯಾವ ಕ್ಯಾಲಿಬರು ಶತ್ರುವನ್ನು ನಿಲ್ಲಿಸುತ್ತದೆ, ಯಾವ ಟ್ರಿಗರು ಹಗುರ, ಯಾವ ಮ್ಯಾಗಝೀನಿಗೆ ಎಷ್ಟು ಗುಂಡು ಎಂದು ಗಂಟೆಗಟ್ಟಲೆ ನಡೆಯುವ ಮಾತಿನಲ್ಲಿ ಈ ಅಂಕಿ ನನ್ನ ಕಿವಿಗೆ ಬಿದ್ದೇ ಇಲ್ಲ. ಬಾರದ ಕ್ಷಣಕ್ಕಾಗಿ ಆರಿಸಿ, ಎಣ್ಣೆ ಹಾಕಿ, ಹೆಸರಿಟ್ಟು ಪ್ರೀತಿಸಿದ ವಸ್ತು ಬೇರೊಂದು ಕ್ಷಣಕ್ಕೆ ಮನೆಯಲ್ಲೇ ಸಿದ್ಧವಾಗಿ ಕೂತಿರುತ್ತದೆ. ಆಗ ಅದರ ಬ್ರಾಂಡ್ ಯಾವುದೆಂದು ಯಾರೂ ಕೇಳುವುದಿಲ್ಲ. ಫ್ಲೆಮಿಂಗ್ ಬರೆಯದ ದೃಶ್ಯ ಅದು.

ಆದರೆ ಆ ಲೋಕದ ಒಳಗಿನವರೇ ಅದನ್ನು ಎದುರಿಸಿದ ಉದಾಹರಣೆ ಒಂದಿದೆ. 2009ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದೇ ಅಂಗಡಿಯಲ್ಲಿ, ಒಂದು ವಾರದೊಳಗೆ, ಪರಸ್ಪರ ಪರಿಚಯವಿಲ್ಲದ ಮೂವರು ಒಂದೊಂದು ಬಂದೂಕು ಕೊಂಡು, ಕೆಲವೇ ಗಂಟೆಗಳಲ್ಲಿ ತಮ್ಮ ಜೀವ ತೆಗೆದುಕೊಂಡರು. ಅಂಗಡಿಯ ಮಾಲೀಕ ಅದನ್ನು ಕೈತೊಳೆದುಕೊಂಡು ಮರೆಯಲಿಲ್ಲ. ಆರೋಗ್ಯ ಕ್ಷೇತ್ರದವರು, ಬಂದೂಕು ಹಕ್ಕಿನ ಪರವಾದವರು ಒಟ್ಟಿಗೆ ಕೂತು, ಗಿರಾಕಿಯ ಮುಖದಲ್ಲಿ ಏನು ಗಮನಿಸಬೇಕು, ಯಾವಾಗ ಮಾರಬಾರದು ಎಂಬ ಸೂಚನೆಗಳನ್ನೂ ಸಹಾಯವಾಣಿಯ ಸಂಖ್ಯೆಯಿರುವ ಭಿತ್ತಿಪತ್ರಗಳನ್ನೂ ಸಿದ್ಧಮಾಡಿ ರಾಜ್ಯದ ಅಂಗಡಿಗಳಿಗೆ ಕಳಿಸಿದರು. ಆಮೇಲೆ ಹೋಗಿ ನೋಡಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ಅಂಗಡಿಗಳಲ್ಲಿ ಅವು ಗಿರಾಕಿಗಳ ಕಣ್ಣಿಗೆ ಬೀಳುವ ಜಾಗದಲ್ಲಿದ್ದವು.